ಬಿಲ್ಲು ಸೋತಿತು ಅಂತ ಬಂದೂಕು ಯಾಕೋ ಅಳಿಯ?

ಮೊನ್ನೆ ಭಾನುವಾರ ಬೆಳಿಗ್ಗೆ ಡೊಂಬಿವಲಿಯ ಮನೆಯಲ್ಲಿ ಅವಲಕ್ಕಿ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದೆ. ಸಿಯಾಟಲ್‌ನಿಂದ ತಂಗಿಯ ಮಗನ ಫೋನು. "ಮಾವ, ಒಂದು ವಿಷಯ ಕೇಳಬೇಕಿತ್ತು, ಯಾರ ಹತ್ರಾನೂ ಹೇಳಬೇಡಿ" ಅಂದ. ನಾನು ಹೇಳಲಿಲ್ಲ. ಆದರೆ ಸಂಜೆಯ ಹೊತ್ತಿಗೆ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಅದೇ ವಿಷಯ ಹತ್ತಿ ಉರೀತಿತ್ತು. ಈಗ ಅವನನ್ನು ಕೇಳಿಯೇ ಬರೀತಿದ್ದೀನಿ.

ವಿಷಯ ಇಷ್ಟು. ಹುಡುಗ ಮೊಂಟಾನಾ ರಾಜ್ಯಕ್ಕೆ ಎಲ್ಕ್ ಬೇಟೆಗೆ ಹೋಗಿದ್ದ. ಎಲ್ಕ್ ಅಂದರೆ ನಮ್ಮ ಕಡವೆಯ ಜಾತಿಯದೇ, ಅದಕ್ಕಿಂತ ದೊಡ್ಡದು. ಗಂಡು ಮುನ್ನೂರು ಕಿಲೋ ಸಲೀಸಾಗಿ ತೂಗುತ್ತೆ. ಕಾಶ್ಮೀರದ ಹಂಗುಲ್ ಅದರ ಹತ್ತಿರದ ನೆಂಟ. ಅಲ್ಲಿ ಸೆಪ್ಟೆಂಬರ್ ಮೊದಲಿಂದ ಸುಮಾರು ಆರು ವಾರ ಬಿಲ್ಲು ಬಾಣದ ಸೀಸನ್. ಆಮೇಲೆ ಅಕ್ಟೋಬರ್ ಕೊನೆಯಿಂದ ಸುಮಾರು ಐದು ವಾರ ರೈಫಲ್ ಸೀಸನ್. ಬಿಲ್ಲಿನಲ್ಲಿ ಸಿಗದಿದ್ದರೆ ಅದೇ ಲೈಸೆನ್ಸ್ ಹಿಡಿದು ರೈಫಲ್ಲಿಗೆ ಹೋಗಬಹುದು. ಹೊರರಾಜ್ಯದವರಿಗೆ ಆ ಲೈಸೆನ್ಸ್ ಸಾವಿರ ಡಾಲರಿಗೂ ಮೇಲೆ. ಅಲ್ಲಿನವರೇ ಆದರೆ ಎಲ್ಕ್ ಲೈಸೆನ್ಸಿಗೆ ಇಪ್ಪತ್ತು ಡಾಲರ್ ಆಸುಪಾಸು ಅಷ್ಟೇ.

ಒಂಬತ್ತು ದಿನ ಗುಡ್ಡ ಹತ್ತಿ ಇಳಿದಿದ್ದಾನೆ. ಸೆಪ್ಟೆಂಬರಿನಲ್ಲಿ ಗಂಡುಗಳು ಬೆದೆಯಲ್ಲಿರುತ್ತವೆ. ಸೀಟಿ ಊದಿದ ಹಾಗೆ ಕೂಗುತ್ತವಂತೆ, ಬೇಟೆಗಾರ ಅದೇ ಕೂಗು ಕೂಗಿ ಹತ್ತಿರ ಕರೀಬೇಕು. ಆರನೇ ದಿನ ಒಂದು ಗಂಡು ಐವತ್ತೈದು ಗಜದ ತನಕ ಬಂತು. ಇವನ ಕೈ ಗ್ಯಾರಂಟಿ ಇರೋದು ಮೂವತ್ತಕ್ಕೆ. ಬಾಣ ಬಿಡಲಿಲ್ಲ. ಗಾಳಿ ತಿರುಗಿತು, ಹೋಯಿತು. ಬರಿಗೈಲಿ ವಾಪಸ್ ಬಂದ. ಈಗ ಆಫೀಸಿನ ಗೆಳೆಯನೊಬ್ಬ ರೈಫಲ್ ಎರವಲು ಕೊಡ್ತೀನಿ, ನಡಿ ಅಂತಿದ್ದಾನೆ. ಹೋಗಲಾ ಬೇಡವಾ ಅನ್ನೋದು ಪ್ರಶ್ನೆ.

ಬೇಡ ಅಂದೆ. ಆದರೆ ಗ್ರೂಪಿನವರು ಹೇಳೋ ಕಾರಣಕ್ಕಲ್ಲ.

ಬೆಂಗಳೂರಿನ ಚಿಕ್ಕಪ್ಪ "ಪಾಪ ಕಣೋ, ಮೂಕಪ್ರಾಣಿ" ಅಂತ ಕೈಮುಗಿದ ಚಿತ್ರ ಹಾಕಿದ್ದಾರೆ. ಅಲ್ಲಾ ಚಿಕ್ಕಪ್ಪ, ಪ್ರತಿ ಭಾನುವಾರ ಮಟನ್ ಅಂಗಡಿಯ ಕ್ಯೂನಲ್ಲಿ ನಿಮಗೆ ಪರಿಚಯ ಇಲ್ಲದವರು ಯಾರಿದ್ದಾರೆ? ಆ ಕುರಿ ಹಾಡ್ತಾ ಬಂದಿತ್ತಾ? ನಮ್ಮಲ್ಲಿ 1972ರ ಕಾಯ್ದೆ ಬಂದದ್ದು ಸರಿಯೇ, ಕಾಡು ಖಾಲಿಯಾಗ್ತಾ ಇತ್ತು. ಅಲ್ಲಿ ಕಥೆ ಬೇರೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಒಂದು ಲಕ್ಷಕ್ಕೂ ಕಡಿಮೆಗೆ ಇಳಿದಿದ್ದ ಎಲ್ಕ್ ಈಗ ಉತ್ತರ ಅಮೆರಿಕದಲ್ಲಿ ಹತ್ತು ಲಕ್ಷದ ಹತ್ತಿರ ಇವೆ. ಅದಕ್ಕೆ ಖರ್ಚಾಗಿದ್ದರಲ್ಲಿ ದೊಡ್ಡ ಪಾಲು ಬೇಟೆಗಾರರದೇ ದುಡ್ಡು. ಲೈಸೆನ್ಸ್ ಫೀಸು ಒಂದು ಕಡೆ, ಬಂದೂಕು ಗುಂಡುಗಳ ಮೇಲೆ 1937ರ ಕಾನೂನಿನಿಂದ ಬರುವ ತೆರಿಗೆ ಇನ್ನೊಂದು ಕಡೆ. ಹೊಡೆದ ಪ್ರಾಣಿಯ ಮಾಂಸ ಕಾಡಲ್ಲೇ ಬಿಟ್ಟು ಬಂದರೆ ಮೊಂಟಾನಾದಲ್ಲಿ ಅಪರಾಧ. ನಮ್ಮ ಮದುವೆ ಮನೆಗಳಲ್ಲಿ ಆ ಕಾನೂನು ತಂದರೆ ಅರ್ಧ ಊರು ಒಳಗಿರುತ್ತೆ.

ಇಲ್ಲಿ ಮುಂಬಯಿಯ ಗೆಳೆಯರೊಬ್ಬರದು ಇನ್ನೊಂದು ವರಸೆ. ಬಿಲ್ಲು ಅಂದರೆ ಅರ್ಜುನ, ರೈಫಲ್ ಅಂದರೆ ಮೋಸ ಅಂತೆ! ಪ್ರಾಣಿಗೆ ಧರ್ಮಯುದ್ಧ ಗೊತ್ತಾ ಸ್ವಾಮಿ? ಅದಕ್ಕೆ ಬೇಗ ಸಾಯೋದು, ನಿಧಾನ ಸಾಯೋದು ಎರಡೇ. ಪಳಗಿದ ಕೈಯಲ್ಲಿ ರೈಫಲ್ಲೇ ಹೆಚ್ಚು ದಯೆಯದು. ಪಳಗಿದ ಕೈಯಲ್ಲಿ ಅಂದೆ, ನೆನಪಿರಲಿ.

ನನ್ನ ತಕರಾರು ಬೇರೆ. "ಮಾವ, ಸಾವಿರ ಡಾಲರ್ ಕೊಟ್ಟಿದ್ದೀನಿ, ಬಿಲ್ಲು, ಬೂಟು, ಟೆಂಟು, ಪೆಟ್ರೋಲು ಎಲ್ಲ ಸೇರಿದರೆ ಮೂರು ಸಾವಿರ. ವೇಸ್ಟ್ ಆಗುತ್ತಲ್ಲ" ಅಂದ. ಬಿಕಾಂ ಓದಿ ಮೂವತ್ತು ವರ್ಷ ಬ್ಯಾಂಕಿನಲ್ಲಿ ಸಾಲ ಕೊಟ್ಟು ವಸೂಲಿ ಮಾಡಿದ ನನಗೆ ಈ ಮಾತು ಕೇಳಿದರೆ ಮೈ ಉರಿಯುತ್ತೆ. ಹಳೇ ಸಾಲ ಮುಳುಗ್ತಿದೆ ಅಂತ ಅದನ್ನು ಉಳಿಸೋಕೆ ಹೊಸ ಸಾಲ ಕೇಳಿಕೊಂಡು ಬರ್ತಾರಲ್ಲ, ಅವರ ಬಾಯಲ್ಲಿ ಬರೋದೂ ಇದೇ ವಾಕ್ಯ. ಒಬ್ಬ ಪುಣ್ಯಾತ್ಮ ಬಟ್ಟೆ ಅಂಗಡಿ ಸೋತ ಮೇಲೆ ಅದೇ ಅಂಗಡಿಗೆ ಎಸಿ ಹಾಕಿಸೋಕೆ ಮನೆ ಅಡವಿಟ್ಟ. ಕಾಗದಕ್ಕೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಅಂಗಡಿಯೂ ಹೋಯ್ತು, ಮನೆಯೂ ಹೋಯ್ತು. ಆ ಮೂರು ಸಾವಿರ ಡಾಲರ್ ಹೋಗಿ ಆಯಿತು ಮಗಾ. ನೀನು ಎಲ್ಕ್ ಹೊಡೆದರೂ ವಾಪಸ್ ಬರಲ್ಲ, ಹೊಡೀದಿದ್ದರೂ ಬರಲ್ಲ. ಈಗ ಕೇಳಬೇಕಾದ್ದು ಇನ್ನು ಮುಂದೆ ಹಾಕೋ ದುಡ್ಡು, ರಜೆ, ಜೀವ ಯಾವುದಕ್ಕೆ ಅಂತ. (ಆ ರಜೆ ಜನವರಿಯಲ್ಲಿ ಊರಿಗೆ ಬರೋಕೆ ಇಟ್ಟುಕೊಂಡಿದ್ದು. ಅದನ್ನು ವಾದಕ್ಕೆ ತರಲ್ಲ, ಅದು ಅವನಿಗೂ ಅವನಮ್ಮನಿಗೂ ಬಿಟ್ಟಿದ್ದು.)

ರೈಫಲ್ ಇದ್ದರೆ ಸಿಕ್ಕೇ ಸಿಗುತ್ತೆ ಅನ್ನೋದೂ ಭ್ರಮೆ. ನವೆಂಬರಿನ ಕಾಡು ಸೆಪ್ಟೆಂಬರಿನದಲ್ಲ. ಬೆದೆ ಮುಗಿದ ಗಂಡುಗಳು ಸುಸ್ತಾಗಿ, ಸದ್ದಿಲ್ಲದೆ ದಟ್ಟ ಮರಗಳೊಳಗೆ ಸೇರಿಕೊಂಡಿರುತ್ತವೆ. ಕಿತ್ತಳೆ ಬಣ್ಣದ ಜಾಕೀಟು ಹಾಕಿದ ಜನ ಗುಡ್ಡ ತುಂಬ. ಆ ಬಣ್ಣ ಸೊಂಟದ ಮೇಲೆ ನಾನೂರು ಚದರ ಇಂಚು ಇರಲೇಬೇಕು ಅಂತ ಕಾನೂನು. ಗುಂಡಿನ ಸದ್ದಿಗೆ ಎಲ್ಕ್ ಹಿಂಡು ಖಾಸಗಿ ಜಮೀನುಗಳಿಗೆ ಸರಿಯುತ್ತವೆ. ಇವನು ಕಲಿತದ್ದು ಕೂಗಿ ಕರೆಯೋದು. ಅದು ಆಗ ಹೆಚ್ಚು ಉಪಯೋಗಕ್ಕೆ ಬರಲ್ಲ.

ಇನ್ನು ವೀಸಾ. ಎಚ್ ಒನ್ ಬಿ ಮೇಲಿರುವವರು ಅಮೆರಿಕದಲ್ಲಿ ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ. ಬಿಲ್ಲಿಗೆ ಈ ತಾಪತ್ರಯ ಇಲ್ಲ. ಇವನ ಹತ್ತಿರ ಲೈಸೆನ್ಸ್ ಇದೆ, ತಪ್ಪಲ್ಲ. ಆದರೂ ಗ್ರೀನ್ ಕಾರ್ಡಿನ ಕ್ಯೂನಲ್ಲಿ ನಿಂತವನು ಎರವಲು ಬಂದೂಕಿನ ವಿಷಯದಲ್ಲಿ ಎರಡು ಸಲ ಯೋಚಿಸಬೇಕು.

ಎರವಲು ಅಂದಾಗಲೇ ನನಗೆ ಅಪ್ಪಯ್ಯ ನೆನಪಾದದ್ದು. ನಾನು ನೋಡಿದ ಕಾಲಕ್ಕೆ ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಕೋವಿ ಇದ್ದದ್ದು ಗೋಡೆಯ ಮೇಲೆ, ಬೆಳೆ ಕಾಯೋ ಲೈಸೆನ್ಸಿನಲ್ಲಿ. ಎಲೆಕ್ಷನ್ ಬಂದಾಗ ಸ್ಟೇಷನ್ನಿಗೆ ಕೊಟ್ಟು ಬರಬೇಕಿತ್ತು. ಅಂಥ ಒಂದು ದಿನ ದಾರಿಯಲ್ಲಿ ಹೇಳಿದರು. ನಾನು ಹುಟ್ಟುವ ಮುಂಚಿನ ಮಾತು. ಪಕ್ಕದ ಮನೆಯವರ ಕೋವಿ ಇಸಕೊಂಡು ಹೋಗಿದ್ದರಂತೆ, ಅಭ್ಯಾಸ ಇಲ್ಲದ ಕೋವಿ. ಸಂಜೆ ಹೊತ್ತು ಕಡವೆಗೆ ಹೊಡೆದರು, ಹೊಟ್ಟೆಗೆ ಬಿತ್ತು. ಮಳೆ ಬಂದು ರಕ್ತದ ಜಾಡು ತೊಳೆದು ಹೋಯ್ತು. ಎರಡು ದಿನ ಹುಡುಕಿದರು. ಮೂರನೇ ದಿನ ಹಳ್ಳದ ಪಕ್ಕ ಸಿಕ್ಕಿತು, ತಿನ್ನೋ ಹಾಗಿರಲಿಲ್ಲ. "ಆವತ್ತು ಯಾಕೆ ಹೊಡೆದೆ ಅಂದರೆ, ಹಿಂದಿನ ಎರಡು ಸಲ ಬರಿಗೈಲಿ ಬಂದಿದ್ದೆ, ಜನ ನಗ್ತಿದ್ದರು" ಅಂದರು. ಆಮೇಲೆ ಅವರು ಷಿಕಾರಿಗೆ ಹೋಗಲಿಲ್ಲ.

ಗ್ರೂಪಿನಲ್ಲಿ ಪುಣೆಯ ಭಾವ ಬರೆದಿದ್ದಾರೆ: "ಮಲೆನಾಡಿನ ಹುಡುಗ ಬರಿಗೈಲಿ ಬರೋದಾ? ಹೋಗು, ಹೊಡೆದೇ ಬಾ." ಕೆಳಗೆ ಹನ್ನೊಂದು ಹೆಬ್ಬೆಟ್ಟು. ಭಾವ, ನೀವು ಕೊನೇ ಸಲ ಕಾಡಿಗೆ ಕಾಲಿಟ್ಟದ್ದು ಯಾವ ಇಸವಿಯಲ್ಲಿ? ಐವತ್ತೈದು ಗಜದಲ್ಲಿ ಬಾಣ ಬಿಡದೆ ನಿಂತ ಹುಡುಗನನ್ನು ನೀವು ಅಭ್ಯಾಸ ಇಲ್ಲದ ರೈಫಲ್ ಕೊಟ್ಟು ಇನ್ನೂರು ಗಜಕ್ಕೆ ನಿಲ್ಲಿಸ್ತಿದ್ದೀರಿ. ಒಂದು ವರ್ಷ ಬಿಲ್ಲಿಗೆ ಕೊಟ್ಟ ಹಾಗೆ ರೈಫಲ್ಲಿಗೂ ಒಂದು ವರ್ಷ ಕೊಡಲಿ, ಮುಂದಿನ ಸಲ ಹೋಗಲಿ. ನಾನೇ ಗ್ರೂಪಿನಲ್ಲಿ ಹೆಬ್ಬೆಟ್ಟು ಒತ್ತುತ್ತೇನೆ.

ಇದನ್ನೆಲ್ಲ ಫೋನಿನಲ್ಲೇ ಹೇಳಿದೆ. ಈ ವರ್ಷದ ಲೈಸೆನ್ಸ್ ದುಡ್ಡು ಬೇಕಾದರೆ ಮಾವನ ಲೆಕ್ಕಕ್ಕೆ ಬರಕೋ ಅಂತಲೂ ಅಂದೆ. ನಕ್ಕ. ಶನಿವಾರ ಗೆಳೆಯನ ಜೊತೆ ಗುರಿ ಅಭ್ಯಾಸಕ್ಕೆ ಹೋಗ್ತಾನಂತೆ. ಹೋಗ್ತೀನಿ ಅಂತಲೂ ಹೇಳಲಿಲ್ಲ, ಬಿಡ್ತೀನಿ ಅಂತಲೂ ಹೇಳಲಿಲ್ಲ. ಅವಲಕ್ಕಿ ಅಷ್ಟೊತ್ತಿಗೆ ಒಣಗಿ ಹೋಗಿತ್ತು.