ಹೆಸರಿಲ್ಲದ ಚಿತ್ರಗಳು

ಭದ್ರಾವತಿಯ ಹಳೆಯ ಛಾಯಾಚಿತ್ರಗಳನ್ನು ನೋಡುವಾಗ ಕಣ್ಣು ಮೊದಲು ನಿಲ್ಲುವುದು ಕಬ್ಬಿಣದ ಕಾರ್ಖಾನೆಯ ಊದುಕುಲುಮೆಯ ಮೇಲೆ. ಬೆಂಕೀಪುರವೆನಿಸಿದ್ದ ಈ ಊರಿನಲ್ಲಿ ಅದು 1923ರಲ್ಲಿ ಉರಿಯತೊಡಗಿತು. ಕಾರ್ಖಾನೆಯನ್ನು ನಷ್ಟದಿಂದ ಮೇಲೆತ್ತಿದ ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಇಲ್ಲಿ ಕೊರತೆಯಿಲ್ಲ; ಇರಲೂಬಾರದು. ಆದರೆ ಕೆಮ್ಮಣ್ಣುಗುಂಡಿಯ ಅದಿರನ್ನು ಅಂದು ಕರಗಿಸಿದ್ದು ಕಲ್ಲಿದ್ದಲಲ್ಲ, ಮಲೆನಾಡಿನ ಮರಗಳ ಇದ್ದಿಲು. ಆ ಮರ ಕಡಿದವರು, ಅದಿರು ಅಗೆದವರು ಯಾರು? ಚಿತ್ರದ ಅಂಚಿನಲ್ಲಿ ನಿಂತಿದ್ದರೂ ಅವರು ಬರಿಯ ‘ಕಾರ್ಮಿಕರು’.

ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ವೀರಗಲ್ಲುಗಳಿವೆ. ತುರುಗಳನ್ನು ಬಿಡಿಸಲು ಹೋಗಿ ಮಡಿದ ಸಾಮಾನ್ಯನ ಹೆಸರನ್ನೂ ನಮ್ಮ ಪೂರ್ವಿಕರು ಕಲ್ಲಿನಲ್ಲಿ ಕೊರೆಸುತ್ತಿದ್ದರು. ಗುರುತು ಹಿಡಿಯಬಲ್ಲ ಹಿರಿಯರು ಇನ್ನೂ ಕೆಲವರಾದರೂ ಇರುವಾಗಲೇ, ಮನೆಮನೆಯ ಚಿತ್ರಗಳ ಹಿಂಬದಿಯಲ್ಲಿ ಪೆನ್ಸಿಲಿನಿಂದಾದರೂ ಆ ಹೆಸರುಗಳನ್ನು ಬರೆದಿಡಬೇಕು.