ಬೆನ್ನಿನ ಸ್ನಾಯು ಸೊರಗಿದರೆ ಮೂಳೆಯೂ ಸವೆದೀತು

ಬೆನ್ನುಮೂಳೆಯ ಇಕ್ಕೆಲಗಳಲ್ಲಿ ಹಬ್ಬಿರುವ ಸ್ನಾಯುಗಳು ದೇಹವನ್ನು ನೆಟ್ಟಗೆ ನಿಲ್ಲಿಸುವುದಷ್ಟೇ ಅಲ್ಲ, ಬೆನ್ನುಮೂಳೆಯ ಮಣಿಗಳಾದ ಕಶೇರುಕಗಳ ಬಲವನ್ನೂ ಕಾಯುತ್ತವೆ. ಸ್ನಾಯುವಿನ ಎಳೆತವೇ ಹೊಸ ಮೂಳೆ ಕಟ್ಟುವ ಜೀವಕೋಶಗಳಿಗೆ ಪ್ರಚೋದನೆ. ಸ್ನಾಯು ಸೊರಗಿ ಅದರಲ್ಲಿ ಕೊಬ್ಬು ಸೇರಿಕೊಂಡಷ್ಟೂ ಆ ಪ್ರಚೋದನೆ ತಗ್ಗುತ್ತದೆ. ಮುಟ್ಟು ನಿಂತ ಮಹಿಳೆಯರಲ್ಲಿ ಈಸ್ಟ್ರೋಜೆನ್ ಇಳಿಕೆಯೂ ಜೊತೆಗೂಡಿ ಮೂಳೆ ಬೇಗ ಸವೆಯುತ್ತದೆ.

ಅಮೆರಿಕದ ಮೇಯೋ ಕ್ಲಿನಿಕ್‌ನ ಸಂಶೋಧಕರು ಇಂಥ 50 ಮಹಿಳೆಯರನ್ನು 10 ವರ್ಷ ಗಮನಿಸಿ, 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲ 2 ವರ್ಷ ಬೋರಲು ಮಲಗಿ, ಬೆನ್ನ ಮೇಲೆ ಭಾರ ಹೊತ್ತು ಎದೆ ಎತ್ತುವ ವ್ಯಾಯಾಮ ಮಾಡಿದವರಲ್ಲಿ ಕುಸಿದ ಕಶೇರುಕಗಳು ಶೇ 1.6, ಮಾಡದವರಲ್ಲಿ ಶೇ 4.3. ವ್ಯಾಯಾಮ ನಿಂತು 8 ವರ್ಷ ಕಳೆದರೂ ಉಳಿದ ಲಾಭವಿದು!

ಕಲಬುರಗಿ ಕೋಟೆಯ ಸುತ್ತಲಿನ ಓಣಿಗಳಿಗೂ ಕಮಲಾಪುರದ ತೊಗರಿ, ಬಾಳೆ ಹೊಲಗಳಿಗೂ ಈ ಮಾತು ಸಲ್ಲುತ್ತದೆ. ಊರಲ್ಲಿ ಕುಳಿತೇ ಕಳೆಯುವ ದಿನ. ಹೊಲದಲ್ಲಿ ಗಂಟೆಗಟ್ಟಲೆ ಬಾಗಿ ಕಳೆ ಕೀಳುವ ದುಡಿಮೆ. ದುಡಿಯುವ ಹೆಣ್ಣುಮಕ್ಕಳಿಗೆ ವ್ಯಾಯಾಮ ಬೇಡವೆಂಬುದು ತಪ್ಪು ತಿಳಿವಳಿಕೆ. ಮುಂದಕ್ಕೆ ಬಾಗಿದಷ್ಟೂ ಹೊರೆ ಬೀಳುವುದು ಸವೆದ ಕಶೇರುಕದ ಮುಂಭಾಗದ ಮೇಲೆ. ಅವರಿಗೆ ಬೇಕಾದದ್ದು ಬೆನ್ನನ್ನು ಹಿಂದಕ್ಕೆ ಎತ್ತುವ ಚಲನೆ, ಜೊತೆಗೆ ಮೂಳೆಯ ಪೋಷಣೆಗೆ ಜೋಳದ ರೊಟ್ಟಿಯ ಪಕ್ಕ ಎಳ್ಳು, ಮೊಸರು.

ಎತ್ತರ ಇಳಿದಿದ್ದರೆ, ಬೆನ್ನು ಗೂನಾಗುತ್ತಿದ್ದರೆ ಮೊದಲು ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆ ಆಗಬೇಕು. ಅದರಲ್ಲಿ ಬರುವ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಅದು ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸವೆತದ ರೋಗ. ಆಗ ಚಿಕಿತ್ಸೆಯಂತೆ ವ್ಯಾಯಾಮವೂ ವೈದ್ಯರ ಸಲಹೆಯಂತೆಯೇ ನಡೆಯಬೇಕು.