ನೂರು ರೂಪಾಯಿಯ ಸ್ವರಾಜ್ಯ

2024ರ ಆಗಸ್ಟ್‌ಗೆ ಮುಂಚೆ ಮೂರು ದಶಕಗಳಿಗೂ ಮಿಕ್ಕಿದ ಕಾಲ, ಆಂಧ್ರಪ್ರದೇಶದ ಸಣ್ಣ ಗ್ರಾಮ ಪಂಚಾಯಿತಿಯೊಂದಕ್ಕೆ ಸ್ವಾತಂತ್ರ್ಯೋತ್ಸವದ ಖರ್ಚಿಗೆಂದು ದೊರೆಯುತ್ತಿದ್ದ ಮೊತ್ತ 100 ರೂಪಾಯಿ. ದೊಡ್ಡ ಪಂಚಾಯಿತಿಗೆ 250. ಪಂಚಾಯತ್ ರಾಜ್ ಖಾತೆಯನ್ನು ವಹಿಸಿಕೊಂಡ ಉಪಮುಖ್ಯಮಂತ್ರಿ ಪವನ್ ಕಲ್ಯಾಣ್ ಆ ವರ್ಷ ಇದನ್ನು ಕ್ರಮವಾಗಿ 10,000 ಮತ್ತು 25,000 ರೂಪಾಯಿಗೆ ಏರಿಸಿದರು. ಪ್ರಶಂಸೆಗೆ ಅರ್ಹವಾದ ಕೆಲಸವೇ. ಆದರೆ ಲೆಕ್ಕ ಬಲ್ಲವರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಬೇರೆ. ನೂರು ರೂಪಾಯಿಯಲ್ಲಿ ಧ್ವಜಕಟ್ಟೆಗೆ ಸುಣ್ಣ ಬಳಿಯುವುದೂ ಆಗದು. ಶಾಲೆಯ ಮಕ್ಕಳಿಗೆ ಸಿಹಿ ಹಂಚುವ ಮಾತಂತೂ ದೂರ. ಹಾಗಿದ್ದೂ ವರ್ಷವರ್ಷವೂ ಧ್ವಜ ಹಾರಿತು, ಸಿಹಿ ಹಂಚಲಾಯಿತು. ಮಿಕ್ಕ ಹಣ ಯಾರ ಜೇಬಿನಿಂದ ಬಂತು, ಯಾವ ಬಾಬಿನಲ್ಲಿ ಅಡಗಿತು? ಅಷ್ಟೂ ವರ್ಷ ಆ ಅಂಕಿಯ ಮುಂದೆ ಹಸಿರು ಶಾಯಿಯ ಗುರುತು ಹಾಕಿ ಪುಟ ತಿರುಗಿಸಿದ ಅಧಿಕಾರಿಗಳಿಗೂ ಲೆಕ್ಕ ಪರಿಶೋಧಕರಿಗೂ ಅದು ಅಸಂಗತವೆಂದು ತೋರಲಿಲ್ಲವೇ? ತೋರಿರಬೇಕು. ಕೇಳುವುದು ತಮ್ಮ ಕೆಲಸವಲ್ಲವೆಂದು ಸುಮ್ಮನಾಗಿರಬೇಕು.

ಸ್ಥಳೀಯ ಸರ್ಕಾರಕ್ಕೆ ಅನುದಾನ, ಅದರ ನೌಕರರಿಗೆ ತರಬೇತಿ ಎಂಬ ಸುದ್ದಿಗಳು ಪತ್ರಿಕೆಗಳಲ್ಲಿ ಮೂಲೆಯ ಕಾಲಂ ಸೇರುತ್ತವೆ. ಇಂತಿಷ್ಟು ಕೋಟಿ ಬಿಡುಗಡೆ, ಇಂತಿಷ್ಟು ಮಂದಿಗೆ ಪುನಶ್ಚೇತನ ಶಿಬಿರ. ವ್ಯಾಪಾರಕ್ಕೆಂದು ವಿಶಾಖಪಟ್ಟಣ, ವಿಜಯವಾಡಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳೂ ಇಂಥ ಸುದ್ದಿಯನ್ನು ಓದದೆ ದಾಟುತ್ತವೆ. ಊರಿನ ಆಡಳಿತ ಊರಿನವರಿಗೆ ಸೇರಿದ್ದು, ತೆರಿಗೆ ಕಟ್ಟಿದರೆ ತಮ್ಮ ಪಾಲು ಮುಗಿಯಿತು ಎಂಬ ಭಾವ. ಪಂಪನ ಹಿರಿಯರು ಬಾಳಿದ ವೆಂಗಿ ನಾಡು ಇವೆರಡು ನಗರಗಳ ನಡುವೆಯೇ ಇದೆ ಎಂಬುದನ್ನು ಮಾತ್ರ ಸಮಾರಂಭಗಳಲ್ಲಿ ನೆನೆಯಲಾಗುತ್ತದೆ.

ಅನಕಾಪಲ್ಲಿಯನ್ನೇ ನೋಡಬಹುದು. ಬೆಲ್ಲದ ಮಂಡಿಗೆ ದೇಶದಲ್ಲೆಲ್ಲ ಹೆಸರಾದ ಊರು. 2013ರಲ್ಲಿ ಅದರ ಪುರಸಭೆಯನ್ನು ರದ್ದುಪಡಿಸಿ ಮಹಾ ವಿಶಾಖಪಟ್ಟಣ ಮಹಾನಗರ ಪಾಲಿಕೆಯೊಳಗೆ ಸೇರಿಸಲಾಯಿತು. ಆಗ ಆ ಪಾಲಿಕೆಯಲ್ಲಿ ಚುನಾಯಿತ ಮಂಡಳಿಯೇ ಇರಲಿಲ್ಲ. 2012ರಲ್ಲಿ ಅವಧಿ ತೀರಿದ ಮೇಲೆ ಮುಂದಿನ ಚುನಾವಣೆ ನಡೆದದ್ದು 2021ರ ಮಾರ್ಚ್‌ನಲ್ಲಿ. ಎಂದರೆ ಸ್ವಂತ ಪುರಸಭೆಯನ್ನು ಕಳೆದುಕೊಂಡ ಊರು, ಅದರ ಬದಲಿಗೆ ಒಬ್ಬ ಸದಸ್ಯನನ್ನು ಕಳುಹಿಸಲು ಎಂಟು ವರ್ಷ ಕಾಯಬೇಕಾಯಿತು. 2022ರ ಏಪ್ರಿಲ್ 4ರಂದು ರಾಜ್ಯದ 13 ಜಿಲ್ಲೆಗಳು 26 ಆದಾಗ ಅನಕಾಪಲ್ಲಿ ಜಿಲ್ಲಾ ಕೇಂದ್ರವಾಯಿತು. ಕಲೆಕ್ಟರ್ ಬಂದರು, ಎಸ್‌ಪಿ ಬಂದರು, ಫಲಕಗಳು ಬದಲಾದವು. ಬಾರದೆ ಉಳಿದದ್ದು ಜಿಲ್ಲಾ ಪರಿಷತ್ತು. ಅಧಿಕಾರಿಗಳ ಜಿಲ್ಲೆಗಳು ಇಮ್ಮಡಿಯಾದವು, ಪ್ರತಿನಿಧಿಗಳ ಪರಿಷತ್ತುಗಳು ಹಳೆಯ ಹದಿಮೂರರಲ್ಲೇ ನಿಂತವು. ಅನಕಾಪಲ್ಲಿಯ ಹಳ್ಳಿಗಳ ಜಿಲ್ಲಾ ಪರಿಷತ್ತು ವಿಶಾಖಪಟ್ಟಣದ್ದೇ. ಜಿಲ್ಲಾ ಕೇಂದ್ರದ ಬೀದಿದೀಪವೂ ವಿಶಾಖಪಟ್ಟಣದ ಪಾಲಿಕೆಗೆ ಸೇರಿದ್ದು.

2021ರಲ್ಲಿ ಆಯ್ಕೆಯಾದ ಪರಿಷತ್ತುಗಳ ಅವಧಿ ಮುಗಿಯಲಿ ಎಂಬ ಸಮಜಾಯಿಷಿಯನ್ನು ತಾತ್ಕಾಲಿಕ ಏರ್ಪಾಡಾಗಿ ಒಪ್ಪಬಹುದು. ಆದರೆ ಸಂವಿಧಾನದ 243ನೇ ವಿಧಿಯಲ್ಲಿ ಜಿಲ್ಲೆ ಎಂದರೆ ರಾಜ್ಯದ ಒಂದು ಜಿಲ್ಲೆ ಎಂದೇ ಅರ್ಥ. 243-ಬಿ ವಿಧಿಯು ಜಿಲ್ಲಾ ಮಟ್ಟದಲ್ಲಿ ಪಂಚಾಯಿತಿ ರಚನೆಯಾಗತಕ್ಕದ್ದು ಎನ್ನುತ್ತದೆ. ಕಲೆಕ್ಟರ್ ಕಛೇರಿಗೆ ಒಂದು ಭೂಪಟ, ಜನರ ಸಭೆಗೆ ಇನ್ನೊಂದು ಎಂಬ ವ್ಯವಸ್ಥೆಗೆ ಅಲ್ಲಿ ಆಧಾರ ಕಾಣುವುದಿಲ್ಲ.

ಇನ್ನು ಹಣದ ಮಾತು. ಹದಿನೈದನೇ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಐದು ವರ್ಷಗಳಿಗೆ ದೇಶದ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ 2,36,805 ಕೋಟಿ ರೂಪಾಯಿ ಶಿಫಾರಸು ಮಾಡಿತು. ಇದರಲ್ಲಿ ಶೇ. 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿದ್ದು, ಶೇ. 40 ಮಾತ್ರ ಪಂಚಾಯಿತಿಯ ವಿವೇಚನೆಗೆ ಬಿಟ್ಟದ್ದು. ಕೇಂದ್ರದಿಂದ ಬಂದ ಹಣವನ್ನು ರಾಜ್ಯವು ಹತ್ತು ಕೆಲಸದ ದಿನಗಳೊಳಗೆ ದಾಟಿಸಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. ಲೆಕ್ಕಪತ್ರಗಳು ಜಾಲತಾಣದಲ್ಲಿ ಇರಬೇಕು. ನಿಬಂಧನೆಗಳು ಚೆನ್ನಾಗಿವೆ, ವೃತ್ತಿನಿರತ ಲೆಕ್ಕಿಗನೊಬ್ಬ ಬರೆದುಕೊಟ್ಟಂತಿವೆ.

ಆಂಧ್ರದ ಸರಪಂಚರು ಬೀದಿಗಿಳಿದದ್ದು ಈ ನಿಬಂಧನೆಗಳ ನೆರಳಿನಲ್ಲೇ. ಪಂಚಾಯಿತಿಗಳ ಖಾತೆಗೆ ಬಂದ ಹಣಕಾಸು ಆಯೋಗದ ಅನುದಾನವನ್ನು, ಬೀದಿದೀಪ ಮತ್ತು ನೀರಿನ ಪಂಪುಗಳ ವಿದ್ಯುತ್ ಬಾಕಿಯೆಂದು ರಾಜ್ಯವೇ ನೇರವಾಗಿ ವಿದ್ಯುತ್ ಕಂಪನಿಗಳಿಗೆ ಹೊಂದಾಣಿಕೆ ಮಾಡಿತು ಎಂಬುದು ಹಿಂದಿನ ಸರ್ಕಾರದ ಕಾಲದಲ್ಲಿ ಅವರು ಎತ್ತಿದ ದೂರು. ಬಾಕಿ ಇದ್ದದ್ದು ನಿಜ, ಕರೆಂಟು ಉರಿಸಿದವರು ಹಣ ಕೊಡಬೇಕು ಎಂಬುದು ಸರ್ಕಾರದ ಕಡೆಯ ವಾದ. ವಾದದ ಮೊದಲ ಅರ್ಧವನ್ನು ಯಾರೂ ಅಲ್ಲಗಳೆಯುವುದಿಲ್ಲ. ಬಾಕಿಯನ್ನು ಒಪ್ಪಬೇಕಾದವರು ಯಾರು, ಬಿಲ್ಲನ್ನು ಪರಿಶೀಲಿಸಬೇಕಾದವರು ಯಾರು, ಪಾವತಿಗೆ ಠರಾವು ಮಾಡಬೇಕಾದವರು ಯಾರು ಎಂಬುದಷ್ಟೇ ಪ್ರಶ್ನೆ. ಬಸದಿಯ ಜೀರ್ಣೋದ್ಧಾರಕ್ಕೆಂದು ದಾನಿಯೊಬ್ಬರು ಟ್ರಸ್ಟಿನ ಖಾತೆಗೆ ಹಾಕಿದ ಹಣವನ್ನು, ಟ್ರಸ್ಟಿಗಳ ಸಭೆಯೇ ಸೇರದೆ, ಬ್ಯಾಂಕಿನ ಮ್ಯಾನೇಜರು ಹಳೆಯ ಕರೆಂಟು ಬಿಲ್ಲಿಗೆ ಮುರಿದುಕೊಂಡರೆ ಸಮಾಜ ಸುಮ್ಮನಿದ್ದೀತೇ? ಬಿಲ್ಲು ಸರಿಯಾಗಿಯೇ ಇದ್ದಿರಬಹುದು. ಆದರೂ ಅದು ಅತಿಕ್ರಮವೇ. ಮುಂದೆ ಲೆಕ್ಕ ಪರಿಶೋಧನೆಯ ಆಕ್ಷೇಪಣೆ ಬಂದರೆ ಉತ್ತರ ಕೊಡಬೇಕಾದವರು ಮಾತ್ರ ಅದೇ ಸರಪಂಚರು, ಅದೇ ಪಂಚಾಯಿತಿ ಕಾರ್ಯದರ್ಶಿ.

ಇದಕ್ಕೆ ಜೊತೆಯಾಗಿ 2019ರ ಅಕ್ಟೋಬರ್ 2ರಂದು ಆರಂಭವಾದ ಗ್ರಾಮ ಸಚಿವಾಲಯಗಳು. ರಾಜ್ಯದಾದ್ಯಂತ ಗ್ರಾಮ ಮತ್ತು ವಾರ್ಡು ಸಚಿವಾಲಯಗಳು ಸುಮಾರು 15,000. ಪಿಂಚಣಿ, ಪ್ರಮಾಣಪತ್ರ, ಸರ್ವೆ ಎಲ್ಲವೂ ಮನೆಯ ಹತ್ತಿರ ಬಂದವು. ಬಡವರಿಗೆ ಅನುಕೂಲವಾದದ್ದನ್ನು ಮುಚ್ಚಿಡಬೇಕಿಲ್ಲ. ಆದರೆ ಅಲ್ಲಿನ ನೌಕರರು ತಂತಮ್ಮ ಇಲಾಖೆಗೆ ಉತ್ತರಿಸುವವರು, ಊರು ಆರಿಸಿದ ಸರಪಂಚರಿಗಲ್ಲ. ಒಂದೇ ಊರಿಗೆ ಎರಡು ಕಛೇರಿಗಳಾದವು: ಕೆಲಸವಿರುವ ಒಂದು, ಜವಾಬ್ದಾರಿಯಿರುವ ಇನ್ನೊಂದು.

ಹೀಗೆ ಹಣವೂ ಅಧಿಕಾರವೂ ಕೈಯಲ್ಲಿಲ್ಲದವರಿಗೆ ತರಬೇತಿ ಮಾತ್ರ ಧಾರಾಳ. 2022ರಲ್ಲಿ ಕೇಂದ್ರವು ಪರಿಷ್ಕರಿಸಿದ ರಾಷ್ಟ್ರೀಯ ಗ್ರಾಮ ಸ್ವರಾಜ್ ಅಭಿಯಾನದ ಒಟ್ಟು ಗಾತ್ರ 5,911 ಕೋಟಿ ರೂಪಾಯಿ, ಅದರಲ್ಲಿ ಕೇಂದ್ರದ ಪಾಲು 3,700. ಪ್ರತಿನಿಧಿಗಳ ಸಾಮರ್ಥ್ಯವರ್ಧನೆಯೇ ಅದರ ಪ್ರಧಾನ ಉದ್ದೇಶ. ಶಿಬಿರಗಳಲ್ಲಿ ಕಲಿಸುವುದರಲ್ಲಿ ಬಹುಪಾಲು ಯಾವ ಪೋರ್ಟಲ್‌ಗೆ ಹೇಗೆ ಪ್ರವೇಶಿಸಬೇಕು, ಯಾವ ಚೌಕದಲ್ಲಿ ಏನು ತುಂಬಬೇಕು, ಡಿಜಿಟಲ್ ಸಹಿಯ ಕೀಲಿಯನ್ನು ಹೇಗೆ ನವೀಕರಿಸಬೇಕು ಎಂಬುದೇ. ಅದೂ ಬೇಕು. ಆದರೆ ಯಶಸ್ಸಿನ ಅಳತೆ ಹಾಜರಿ ಪುಸ್ತಕವಾದಾಗ, ಮಹಿಳಾ ಸರಪಂಚರ ಬದಲು ಅವರ ಯಜಮಾನರು ಬಂದು ಕುಳಿತರೂ ಸಂಖ್ಯೆ ಭರ್ತಿಯಾಗುತ್ತದೆ. (ಲೆಕ್ಕ ಪರಿಶೋಧಕರ ವೃತ್ತಿಯಲ್ಲೂ ವರ್ಷಕ್ಕೆ ಇಷ್ಟು ಗಂಟೆ ಕಲಿಕೆ ಕಡ್ಡಾಯವಿದೆ, ಮಧ್ಯಾಹ್ನದ ಊಟದ ಬಳಿಕ ಸಭಾಂಗಣದಲ್ಲಿ ಎಷ್ಟು ಮಂದಿ ಉಳಿದಿರುತ್ತಾರೆ ಎಂಬುದನ್ನು ಆ ವೃತ್ತಿಯವರೇ ಬಲ್ಲರು.)

ಅನಕಾಪಲ್ಲಿಯಲ್ಲಿ ಈ ಅಜ್ಞಾನದ ಬೆಲೆ ಬರೀ ರೂಪಾಯಿಗಳಲ್ಲಿಲ್ಲ. 2024ರ ಆಗಸ್ಟ್ 21ರಂದು ಅಚ್ಯುತಾಪುರಂನ ವಿಶೇಷ ಆರ್ಥಿಕ ವಲಯದ ಔಷಧ ಕಾರ್ಖಾನೆಯೊಂದರಲ್ಲಿ ನಡೆದ ಸ್ಫೋಟದಲ್ಲಿ 17 ಮಂದಿ ಸತ್ತರು. ಎರಡು ದಿನಗಳ ಬಳಿಕ, ಆಗಸ್ಟ್ 23ರಂದು, ರಾಜ್ಯದ 13,326 ಪಂಚಾಯಿತಿಗಳಲ್ಲಿ ಒಂದೇ ದಿನ ಗ್ರಾಮಸಭೆ ನಡೆಯಿತು, ದಾಖಲೆಯೆಂದು ಕೊಂಡಾಡಲಾಯಿತು. ಆ ಸಭೆಗಳಿಗೆ ಗೊತ್ತುಮಾಡಿದ್ದ ವಿಷಯ ಉದ್ಯೋಗ ಖಾತರಿಯ ಕಾಮಗಾರಿಗಳು. 2025ರ ಏಪ್ರಿಲ್ 13ರಂದು ಇದೇ ಜಿಲ್ಲೆಯ ಕೈಲಾಸಪಟ್ಟಣಂನ ಪಟಾಕಿ ತಯಾರಿಕಾ ಘಟಕದಲ್ಲಿ ಮತ್ತೆ ಎಂಟು ಮಂದಿ ಸತ್ತರು.

ಈ ಸಾವುಗಳಿಗೆ ಪಂಚಾಯಿತಿ ಹೊಣೆಯೆಂದಲ್ಲ. ವಿಶೇಷ ವಲಯದೊಳಗೆ ಅದಕ್ಕೆ ಪ್ರವೇಶವೇ ಕಷ್ಟ. ಕೈಗಾರಿಕಾ ವಸಾಹತುಗಳಲ್ಲಿ ಆಸ್ತಿ ತೆರಿಗೆ ಎತ್ತುವುದು ಕೈಗಾರಿಕಾ ಮೂಲಸೌಕರ್ಯ ನಿಗಮದ ಪ್ರಾಧಿಕಾರ, ಪಂಚಾಯಿತಿಗೆ ಸಿಗುವುದು ಅದರಲ್ಲೊಂದು ಪಾಲು. ಆದರೆ 1996ರ ರಾಸಾಯನಿಕ ಅಪಘಾತಗಳ ನಿಯಮಾವಳಿ ಇನ್ನೊಂದು ಬಾಗಿಲನ್ನು ತೆರೆದಿಟ್ಟಿದೆ. ಅದರಂತೆ ಅಪಾಯದ ಕಾರ್ಖಾನೆಗಳಿರುವ ಪ್ರದೇಶಕ್ಕೆ ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯಲ್ಲಿ ಸ್ಥಳೀಯ ಸಂಕಷ್ಟ ಸಮಿತಿ ಇರಬೇಕು. ಅಗ್ನಿಶಾಮಕ ಅಧಿಕಾರಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಊರಿನ ಸರಪಂಚರು ಅಥವಾ ಮುಖಂಡರು, ಸ್ಥಳೀಯ ಪತ್ರಿಕೆಯ ಸಂಪಾದಕರಿಗೂ ಅದರಲ್ಲಿ ಸ್ಥಾನವಿದೆ. ಸಮಿತಿ ತಿಂಗಳಿಗೊಮ್ಮೆ ಸೇರಬೇಕು, ನಡಾವಳಿಯನ್ನು ಜಿಲ್ಲಾ ಸಮಿತಿಗೆ ಕಳುಹಿಸಬೇಕು, ಆರು ತಿಂಗಳಿಗೊಮ್ಮೆ ಪೂರ್ಣ ಪ್ರಮಾಣದ ಅಣಕು ಕಾರ್ಯಾಚರಣೆ ನಡೆಸಬೇಕು, ಸುತ್ತಣ ಜನರಿಗೆ ತಿಳಿವಳಿಕೆ ಕೊಡಬೇಕು. ಗ್ರಾಮ ಮಟ್ಟದ ಪ್ರತಿನಿಧಿಗೆ ಕಾನೂನೇ ಕೊಟ್ಟ ಕುರ್ಚಿ ಇದು. ಈ ಕುರ್ಚಿಯಲ್ಲಿ ಕುಳಿತು ಏನನ್ನು ಕೇಳಬೇಕು, ಯಾವ ದ್ರಾವಕ ಎಷ್ಟು ಶೇಖರವಾಗಿದೆ, ಗಾಳಿ ಯಾವ ಕಡೆ ಬೀಸಿದರೆ ಯಾವ ಕೇರಿ ಖಾಲಿಯಾಗಬೇಕು ಎಂಬುದನ್ನು ಕಲಿಸದ ತರಬೇತಿ ಅಚ್ಯುತಾಪುರಂನ ಸುತ್ತಣ ಹಳ್ಳಿಗೆ ಯಾವ ಪ್ರಯೋಜನಕ್ಕೆ? 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಆರ್.ಆರ್. ವೆಂಕಟಾಪುರಂನಲ್ಲಿ ಸ್ಟೈರೀನ್ ಅನಿಲ ಸೋರಿದಾಗ ಜನ ನಿದ್ದೆಯಿಂದೆದ್ದು ದಿಕ್ಕು ತಿಳಿಯದೆ ಓಡಿ ಬೀದಿಗಳಲ್ಲೇ ಕುಸಿದದ್ದನ್ನು ಇಡೀ ದೇಶ ನೋಡಿತ್ತು.

ಕರ್ನಾಟಕದವರು ಇದನ್ನು ಓದಿ ಬೀಗುವಂತಿಲ್ಲ. ಅಧಿಕಾರ ವಿಕೇಂದ್ರೀಕರಣದ ಸೂಚ್ಯಂಕದಲ್ಲಿ 2025ರ ಫೆಬ್ರವರಿಯಲ್ಲಿ ಕರ್ನಾಟಕ ಮೊದಲ ಸ್ಥಾನ ಪಡೆಯಿತು. ನೀರ್ ಸಾಬರೆಂದೇ ಹೆಸರಾದ ಅಬ್ದುಲ್ ನಜೀರ್ ಸಾಬ್ ಅವರ ಹೆಸರಿನ ತರಬೇತಿ ಸಂಸ್ಥೆ ಮೈಸೂರಿನಲ್ಲಿದೆ. ಅದೇ ರಾಜ್ಯದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ತೀರಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ತರಬೇತಿ ಪಡೆಯಬೇಕಾದ ಸದಸ್ಯರೇ ಇಲ್ಲದ ಮಂಡಳಿಗಳಿಗೆ ಆಡಳಿತಾಧಿಕಾರಿಗಳು ಸಹಿ ಹಾಕುತ್ತಾ ಕುಳಿತರು.

ಆಂಧ್ರದಲ್ಲಿ 2021ರಲ್ಲಿ ಗೆದ್ದ ಸರಪಂಚರ ಐದು ವರ್ಷ 2026ಕ್ಕೆ ಮುಗಿಯುತ್ತದೆ. ಹದಿನಾರನೇ ಹಣಕಾಸು ಆಯೋಗದ ಅವಧಿಯೂ ಅದೇ ಏಪ್ರಿಲ್ 1ರಿಂದ ಆರಂಭ. ವಿಶಾಖಪಟ್ಟಣ ಮತ್ತು ಅನಕಾಪಲ್ಲಿಗಳಲ್ಲಿ ಮಳಿಗೆ, ಗೋದಾಮು, ಕಾರ್ಖಾನೆ ಇಟ್ಟುಕೊಂಡ ಕುಟುಂಬಗಳಿಗೆ ಮತವೂ ಇದೆ, ಮಾಹಿತಿ ಹಕ್ಕಿನ ಅರ್ಜಿಗೆ ಕಟ್ಟಲು ಹತ್ತು ರೂಪಾಯಿಯೂ ಇದೆ. ಪಂಚಾಯಿತಿಯ ಠರಾವಿಲ್ಲದೆ ಅದರ ಖಾತೆಯಿಂದ ಎಷ್ಟು ಹಣ ಹೊರಹೋಯಿತು, ಸ್ಥಳೀಯ ಸಂಕಷ್ಟ ಸಮಿತಿ ಕಳೆದ ಹನ್ನೆರಡು ತಿಂಗಳಲ್ಲಿ ಎಷ್ಟು ಬಾರಿ ಸೇರಿತು, ಅದರಲ್ಲಿ ಸರಪಂಚರ ಸಹಿ ಎಷ್ಟು ನಡಾವಳಿಗಳಲ್ಲಿದೆ ಎಂದು ಆ ಅರ್ಜಿಯಲ್ಲಿ ಕೇಳಬಹುದು. ಉತ್ತರ ಕೊಡಲು ಅಧಿಕಾರಿಗೆ ಮೂವತ್ತು ದಿನಗಳ ಗಡುವು.